ಇಟಾಲಿಯನ್ ಮಾತಿಗೆ ಜೊತೆಗಾರ ಸಿಕ್ಕರೆ ಸಾಲದು, ಗಡಿಯಾರವೂ ಬೇಕು

ಭಾಷಾ ವಿನಿಮಯಕ್ಕೆ, ಅಂದರೆ ನೀವು ಅವರಿಗೆ ಇಂಗ್ಲಿಷ್, ಅವರು ನಿಮಗೆ ಇಟಾಲಿಯನ್ ಮಾತಾಡಿಸಿ ಕಲಿಸಲು, ಜನವೇ ಸಿಗುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇಂಗ್ಲಿಷ್ ಕಲಿಯಬೇಕೆನ್ನುವ ಇಟಾಲಿಯನ್ನರು ಟ್ಯಾಂಡೆಮ್, ಹಲೋಟಾಕ್ ಆ್ಯಪ್‌ಗಳಲ್ಲಿ ಬೇಕಾದಷ್ಟು ಇದ್ದಾರೆ. ಸಿಕ್ಕವರು ಮೂರನೇ ವಾರಕ್ಕೆ ಮಾಯವಾಗುತ್ತಾರಲ್ಲ, ತೊಂದರೆ ಇರುವುದು ಅಲ್ಲಿ. ಹೆಚ್ಚಿನ ಸಲ ಕಾರಣ ಒಂದೇ: ಎರಡರಲ್ಲಿ ಯಾವ ಭಾಷೆ ಸಲೀಸೋ ಅದು ಇನ್ನೊಂದನ್ನು ನುಂಗಿಬಿಡುತ್ತದೆ.

ಅವರ ಇಂಗ್ಲಿಷ್ ಬಿ2 ಮಟ್ಟದ್ದು (ಸಲೀಸಾಗಿ ಮಾತಾಡಬಲ್ಲರು), ನಿಮ್ಮ ಇಟಾಲಿಯನ್ ಎ2 (ಆರಂಭಕ್ಕಿಂತ ಒಂದು ಮೆಟ್ಟಿಲು ಮೇಲೆ) ಎಂದಿಟ್ಟುಕೊಳ್ಳಿ. ಹೆಸರು, ಕೆಲಸ, ಮಳೆ-ಬಿಸಿಲಿನವರೆಗೆ ಇಟಾಲಿಯನ್ ಹೇಗೋ ಸಾಗುತ್ತದೆ. ಮಾತಿಗೆ ರುಚಿ ಹತ್ತುವ ಹೊತ್ತಿಗೆ ನಿಮಗೆ ಪದ ಸಿಗುವುದಿಲ್ಲ. ಅವರು ಸಹಾಯ ಮಾಡಲೆಂದೇ ಇಂಗ್ಲಿಷಿಗೆ ಹೊರಳುತ್ತಾರೆ, ಆಮೇಲೆ ಇಬ್ಬರೂ ವಾಪಸ್ ಬರುವುದೇ ಇಲ್ಲ. ಒಂದು ಗಂಟೆ ಹರಟೆ ಚೆನ್ನಾಗಿಯೇ ಆಗಿರುತ್ತದೆ, ನಿಮ್ಮ ಇಟಾಲಿಯನ್ ಮಾತ್ರ ಹತ್ತು ನಿಮಿಷದ್ದು.

ಹಾಗಾಗಿ ಮೊಬೈಲಿನಲ್ಲಿ ಟೈಮರ್ ಇಡಿ. 25 ನಿಮಿಷ ಇಟಾಲಿಯನ್, 5 ನಿಮಿಷ ತಪ್ಪು ತಿದ್ದಲು, 25 ನಿಮಿಷ ಇಂಗ್ಲಿಷ್, ಮತ್ತೆ 5 ತಿದ್ದಲು. ಗಂಟೆ ಹೊಡೆದಾಗ ವಾಕ್ಯ ಅರ್ಧದಲ್ಲಿದ್ದರೂ ಭಾಷೆ ಬದಲಾಗಬೇಕು. ಎರಡನೆಯ ಅರ್ಧದಲ್ಲಿ ಇಬ್ಬರಿಗೂ ಸುಸ್ತಾಗಿರುತ್ತದೆ, ಅದಕ್ಕೇ ಯಾವ ಭಾಷೆ ಮೊದಲು ಅನ್ನುವುದನ್ನು ಪ್ರತಿ ಸಲ ಅದಲುಬದಲು ಮಾಡಿ. ಟ್ಯಾಂಡೆಮ್ ಅಂದರೆ ಇಬ್ಬರು ಕೂತು ತುಳಿಯುವ ಸೈಕಲ್ ತಾನೇ, ಒಬ್ಬರೇ ತುಳಿದರೆ ಎಷ್ಟು ದೂರ ಹೋದೀತು?

ಆಯ್ಕೆ ಮಾಡುವಾಗ ಬಹಳ ಮಂದಿ ಚೆನ್ನಾಗಿ ಇಂಗ್ಲಿಷ್ ಬರುವವರನ್ನು ಹುಡುಕುತ್ತಾರೆ. ಉಲ್ಟಾ ಮಾಡಿ. ನಿಮ್ಮ ಇಟಾಲಿಯನ್ ಎಷ್ಟಿದೆಯೋ ಹೆಚ್ಚುಕಮ್ಮಿ ಅಷ್ಟೇ ಇಂಗ್ಲಿಷ್ ಇರುವವರು ಒಳ್ಳೆಯ ಜೋಡಿ. ಇಬ್ಬರೂ ತಡವರಿಸುವಾಗ ತಾಳ್ಮೆ ತಾನಾಗಿ ಬರುತ್ತದೆ. ಆದರೆ ಇಟಾಲಿಯನ್ನಿನಲ್ಲಿ ಐದು ನಿಮಿಷ ನಿಮ್ಮ ಬಗ್ಗೆ ಹೇಳಿಕೊಳ್ಳಲು ಬರದಿದ್ದರೆ ಕರೆಗೆ ಈಗಲೇ ಕೂರಬೇಡಿ. ಅಲ್ಲಿಯವರೆಗೆ ಬರವಣಿಗೆ ಮತ್ತು ಒಂದು ನಿಮಿಷದ ಧ್ವನಿ ಸಂದೇಶ ಸಾಕು. ಆ್ಯಪ್ ಇಷ್ಟವಿಲ್ಲದವರಿಗೆ ಕಾನ್ವರ್ಸೇಶನ್ ಎಕ್ಸ್‌ಚೇಂಜ್ ಎಂಬ ಜಾಲತಾಣವಿದೆ, ಪತ್ರ, ಚಾಟ್, ಮುಖಾಮುಖಿ ಭೇಟಿ ಅಂತ ಬೇರೆಬೇರೆಯಾಗಿ ಹುಡುಕಬಹುದು. ಇಟಲಿಯಲ್ಲೇ ಓದುತ್ತಿರುವವರು ತಮ್ಮ ವಿಶ್ವವಿದ್ಯಾಲಯದ ಭಾಷಾ ಕೇಂದ್ರದಲ್ಲಿ ವಿಚಾರಿಸಲಿ, ಎಷ್ಟೋ ಕಡೆ ಅವರೇ ಜೋಡಿ ಹಾಕಿಕೊಡುತ್ತಾರೆ.

ಮೊದಲ ಸಂದೇಶದಲ್ಲಿ ಬರೀ 'ಚಾವೊ, ಹೇಗಿದ್ದೀರಿ' ಅಂತ ಕಳಿಸಿದರೆ ಉತ್ತರ ಬರುವುದು ಕಷ್ಟ, ಅಂಥವು ಅವರಿಗೆ ದಿನಾ ಬರುತ್ತವೆ. ಹೀಗೆ ಬರೆಯಿರಿ: 'ನನ್ನ ಇಟಾಲಿಯನ್ ಎ2. ಭೂತಕಾಲದಲ್ಲಿ ಎಡವುತ್ತೇನೆ. ವಾರಕ್ಕೆ ಎರಡು ಸಲ, ಒಂದೊಂದು ಗಂಟೆ, ಅರ್ಧರ್ಧ ಮಾತಾಡುವ ಆಸೆ. ನಿಮ್ಮ ಫೋಟೊದಲ್ಲಿ ಬೆಟ್ಟ ಕಂಡಿತು, ಮೊದಲ ದಿನ ಅದರ ಬಗ್ಗೆಯೇ ಮಾತಾಡೋಣವೇ?' ಇದನ್ನು ಅರ್ಧ ಇಂಗ್ಲಿಷ್, ಅರ್ಧ ಇಟಾಲಿಯನ್ನಿನಲ್ಲಿ ಕಳಿಸಿದರೆ ನಿಮ್ಮ ಮಟ್ಟ ಅವರಿಗೆ ತಾನೇ ಗೊತ್ತಾಗುತ್ತದೆ. ಇಂಗ್ಲಿಷ್ ನಿಮ್ಮ ತಾಯ್ನುಡಿಯಲ್ಲ ಅನ್ನುವುದನ್ನೂ ಮೊದಲೇ ಹೇಳಿಬಿಡಿ. ಮುಚ್ಚಿಟ್ಟು ಶುರು ಮಾಡಿದ್ದು ಮೊದಲ ಕರೆಯಲ್ಲೇ ಬಯಲಾಗುತ್ತದೆ. ಕೆಲಸಕ್ಕಾಗಿ ಇಂಗ್ಲಿಷ್ ಕಲಿಯುವವರಿಗೆ ಎಲ್ಲ ದೇಶದ ಉಚ್ಚಾರವೂ ಕಿವಿಗೆ ಬೀಳಬೇಕು, ಅಂಥವರು ಸಂತೋಷದಿಂದ ಬರುತ್ತಾರೆ.

ಕನ್ನಡದ ಬಾಯಿ ಇಲ್ಲಿ ದೊಡ್ಡ ಆಸ್ತಿ, ಇದನ್ನು ಒತ್ತಿ ಹೇಳುತ್ತೇನೆ. ಇಟಾಲಿಯನ್ನಿನ ಒತ್ತಕ್ಷರ ನಮಗೆ ಹೊಸದಲ್ಲ. ಕತೆಗೂ ಕತ್ತೆಗೂ ಇರುವ ವ್ಯತ್ಯಾಸವೇ ಅಲ್ಲಿಯೂ ಇದೆ: 'ಕಪೆಲ್ಲೊ' ಅಂದರೆ ಕೂದಲು, 'ಕಪ್ಪೆಲ್ಲೊ' ಅಂದರೆ ಟೋಪಿ. ವಯಸ್ಸು ಹೇಳುವಾಗ 'ಆನ್ನಿ' ಎಂದು ಒತ್ತದೆ 'ಆನಿ' ಅಂದರೆ ಗುದ ಎಂದಾಗುತ್ತದೆ, ಇದೊಂದನ್ನು ಬಾಯಿಪಾಠ ಮಾಡಿಕೊಂಡೇ ಹೋಗಿ. ಅವರ ತಕಾರ, ದಕಾರ ನಮ್ಮ ತ, ದ ಇದ್ದ ಹಾಗೆಯೇ. ಇಂಗ್ಲಿಷ್ ಅಭ್ಯಾಸದಿಂದ 'ಟುಟ್ಟೊ' ಅನ್ನಬೇಡಿ, ಅದು 'ತುತ್ತೊ'. ಅವರ ಕಷ್ಟಗಳು ಬೇರೆ. ಇಟಾಲಿಯನ್ನಿನಲ್ಲಿ ಹಕಾರದ ಉಚ್ಚಾರವೇ ಇಲ್ಲ, ಹಸಿವಾಗಿದೆ ಅನ್ನಲು ಹೋಗಿ 'ಆಂಗ್ರಿ' ಅಂದುಬಿಡುತ್ತಾರೆ. ಹ್ರಸ್ವ ದೀರ್ಘದಿಂದ ಅರ್ಥ ಬದಲಾಗುವುದಿಲ್ಲವಾದ್ದರಿಂದ 'ಶಿಪ್' ಕೂಡ 'ಶೀಪ್' ಆಗುತ್ತದೆ. ಇ-ಈ ಭೇದ ಬಲ್ಲ ನೀವು ಇದನ್ನು ಚೆನ್ನಾಗಿ ತಿದ್ದಬಲ್ಲಿರಿ. ಇಂಗ್ಲಿಷಿನ 'ಪೇರೆಂಟ್ಸ್' ಥರ ಕಂಡರೂ 'ಪರೆಂತಿ' ಅಂದರೆ ನೆಂಟರು, ಅಪ್ಪ-ಅಮ್ಮ ಅಲ್ಲ. ಹೀಗೆ ಒಂದೇ ಥರ ಕಂಡು ಮೋಸ ಮಾಡುವ ಪದಗಳ ಪಟ್ಟಿಯನ್ನು ಇಬ್ಬರೂ ಸೇರಿ ಮಾಡಿಕೊಳ್ಳಿ.

ತಿದ್ದುವುದಕ್ಕೂ ಒಂದು ಕ್ರಮ ಬೇಕು. ಮಾತಿನ ನಡುವೆ ತಡೆದರೆ ಎದುರಿನವರು ಬಾಯಿ ಕಟ್ಟಿ ಕೂರುತ್ತಾರೆ. ಕೇಳುತ್ತಾ ಕೇಳುತ್ತಾ ಚಾಟ್‌ನಲ್ಲಿ ಟೈಪ್ ಮಾಡಿ, ಕೊನೆಗೆ ಐದೇ ತಪ್ಪು ಎತ್ತಿಕೊಳ್ಳಿ. ಇಪ್ಪತ್ತು ಹೇಳಿದರೆ ಒಂದೂ ನೆನಪಿರುವುದಿಲ್ಲ. ಚೀಟಿ ಹೀಗಿರಲಿ: 'ಓ ಅಂದಾತೊ ಅಲ್ಲ, ಸೋನೊ ಅಂದಾತೊ. ಹೆಂಗಸು ಹೇಳಿದರೆ ಸೋನೊ ಅಂದಾತಾ.' ಹೋದೆ ಅನ್ನುವ ಒಂದೇ ಮಾತಿನಲ್ಲಿ ಸಹಾಯಕ ಕ್ರಿಯಾಪದ, ಲಿಂಗ ಎರಡೂ ಬಂದವು. ಮುಂದಿನ ಕರೆಯ ಮೊದಲ ಎರಡು ನಿಮಿಷ ಆ ಐದು ವಾಕ್ಯಗಳಿಗೇ ಮೀಸಲು. ಏಕೆ ತಪ್ಪು ಎಂದು ಅವರಿಗೆ ವಿವರಿಸಲು ಬರದಿದ್ದರೆ ಒತ್ತಾಯಿಸಬೇಡಿ, ಅವರು ಮೇಷ್ಟ್ರಲ್ಲ. ವ್ಯಾಕರಣವನ್ನು ಪುಸ್ತಕದಲ್ಲಿ ನೋಡಿಕೊಳ್ಳಿ.

ಈ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ 'ತು', ಅಂದರೆ ನೀನು, ನಡೆಯುತ್ತದೆ. ಹಿರಿಯರಾದರೆ 'ಲೇಯ್', ಅಂದರೆ ಗೌರವದ ನೀವು, ಎಂದೇ ಶುರು ಮಾಡಿ, ಕ್ರಿಯಾಪದ ಪ್ರಥಮ ಪುರುಷ ಏಕವಚನದಲ್ಲಿ (ಅವನು, ಅವಳು ಅನ್ನುವಾಗಿನ ರೂಪದಲ್ಲಿ) ಇರಲಿ. ಅವರಾಗಿ ಹೇಳಿದ ಮೇಲೆ ಬದಲಿಸಿ.

ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಇಟಲಿಯ ಗಡಿಯಾರ ಒಂದು ಗಂಟೆ ಸರಿಯುತ್ತದೆ. ಗಡಿಯಾರ ಬದಲಿಸದ ದೇಶದಲ್ಲಿದ್ದರೆ ಆ ವಾರ ಒಬ್ಬರು ಕಾದು ಕಾದು ಬೇಸತ್ತು ಹೋಗುವುದು ಖಂಡಿತ, ಹಿಂದಿನ ದಿನವೇ ನೆನಪಿಸಿ. ಆಗಸ್ಟ್ 15 ಅವರ ಫೆರ್ರಗೋಸ್ತೊ ರಜೆ, ಅದರ ಆಸುಪಾಸು ಉತ್ತರ ಬರದಿದ್ದರೆ ಸಿಟ್ಟಾಗಬೇಡಿ.

ಫೋನ್ ನಂಬರನ್ನು ಬೇಗ ಕೊಡಬೇಡಿ, ಮೊದಲ ಕರೆಗಳು ಆ್ಯಪ್‌ನಲ್ಲೇ ಇರಲಿ. ದುಡ್ಡಿನ ಮಾತು ಬಂದರೆ, ನಿಮ್ಮ ಭಾಷೆಗಿಂತ ನಿಮ್ಮ ಫೋಟೊ ಮೇಲೆ ಆಸಕ್ತಿ ಕಂಡರೆ, ಕೂಡಲೇ ಬ್ಲಾಕ್ ಮಾಡಿ. ಸೌಜನ್ಯ ನೋಡುತ್ತಾ ಕೂರುವ ಅಗತ್ಯವಿಲ್ಲ.

ಮೂರು ಕರೆ ನೋಡಿ. ಟೈಮರ್ ಇಟ್ಟರೂ ಇಟಾಲಿಯನ್ ಪಾಲು ಸೋರಿಹೋಗುತ್ತಿದ್ದರೆ ಅವರಿಗೆ ನೇರವಾಗಿ ತಿಳಿಸಿ, ಮರುದಿನವೇ ಇನ್ನಿಬ್ಬರಿಗೆ ಬರೆಯಿರಿ. ಹೇಳದೆ ಕೇಳದೆ ಮರೆಯಾಗುವುದಕ್ಕಿಂತ 'ನಮ್ಮಿಬ್ಬರ ಮಟ್ಟ ಹೊಂದುತ್ತಿಲ್ಲ, ಗ್ರಾತ್ಸಿಯೆ' ಎಂಬ ಎರಡು ಸಾಲು ಕಳಿಸಿದರೆ ಅವರೂ ಬೇರೆ ಜೊತೆ ಹುಡುಕಿಕೊಳ್ಳುತ್ತಾರೆ.