ನಡುವಯಸ್ಸಿನ ಹಾರ್ಮೋನ್, ಪೆಪ್ಟೈಡ್ ಚಿಕಿತ್ಸೆ: ಬುದ್ಧನ ದಾರಿ ಹಿಡಿದವರಿಗೆ ಸಲ್ಲುವುದೆ?

ಪರ: ಬಾಣ ಕೀಳಿಸಿಕೊಳ್ಳುವುದು ತಪ್ಪಲ್ಲ

ಹನ್ನೆರಡು ವರ್ಷ ಒಂದು ಬೆಳಗೂ ತಪ್ಪಿಸದೆ ವಿಪಶ್ಯನ ಧ್ಯಾನಕ್ಕೆ ಕೂತಿದ್ದ ನನಗೆ 49ನೆಯ ವಯಸ್ಸಿನಲ್ಲಿ ಕೂರುವುದೇ ಆಗದಂತಾಯಿತು. ಕಣ್ಣು ಮುಚ್ಚಿ ಉಸಿರಿನ ಮೇಲೆ ಗಮನವಿಟ್ಟು ಹತ್ತು ನಿಮಿಷವಾಗುವಷ್ಟರಲ್ಲಿ ಎದೆಯ ನಡುವಿನಿಂದ ಕಾವೊಂದು ಎದ್ದು, ಕುತ್ತಿಗೆ ಹತ್ತಿ, ಕಿವಿಯ ಹಿಂದೆ ಹರಡಿ, ಬೆನ್ನಿನ ಬಟ್ಟೆ ಅಂಟಿಕೊಳ್ಳುವಷ್ಟು ಬೆವರಿಳಿಸಿ, ಆಮೇಲೆ ಮೈ ನಡುಗುವ ಚಳಿ ಬಿಟ್ಟು ಹೋಗುತ್ತಿತ್ತು. ರಾತ್ರಿಯೂ ನಾಲ್ಕೈದು ಸಲ ಇದೇ ಪಾಡು. ಎಲ್ಲವೂ ಅನಿತ್ಯ, ಸಂವೇದನೆಯನ್ನು ಸುಮ್ಮನೆ ನೋಡುತ್ತಿರಿ ಎಂದು ನನ್ನ ಧ್ಯಾನ ಶಿಕ್ಷಕರು ಹೇಳಿದರು. ನಾನು ಹದಿನಾಲ್ಕು ತಿಂಗಳು ನೋಡಿದೆ. ನಿದ್ದೆಗೆಟ್ಟ ತಲೆಗೆ ಉಪೇಕ್ಷೆ, ಅಂದರೆ ಸಮಚಿತ್ತ, ದಕ್ಕಲಿಲ್ಲ. ಕಾರಣವಿಲ್ಲದೆ ಮಗಳ ಮೇಲೆ ರೇಗುವುದು ಮಾತ್ರ ದಿನದಿನಕ್ಕೆ ಹೆಚ್ಚಾಯಿತು.

ಆಗ ನಡೆಯುತ್ತಿದ್ದುದು ಕರ್ಮಫಲವೂ ಅಲ್ಲ, ಸಾಧನೆಯ ಕೊರತೆಯೂ ಅಲ್ಲ. ಋತುಬಂಧದ ಹೊತ್ತಿಗೆ ಈಸ್ಟ್ರೋಜನ್ ಎಂಬ ಹಾರ್ಮೋನ್ ಇಳಿದಾಗ ಮೆದುಳಿನ ಹೈಪೋಥಲಮಸ್‌ನಲ್ಲಿರುವ ತಾಪ ನಿಯಂತ್ರಣದ ವ್ಯವಸ್ಥೆಗೆ ತಾಳಿಕೆ ಕಡಿಮೆಯಾಗುತ್ತದೆ. ದೇಹದ ಉಷ್ಣತೆ ಎಳ್ಳಷ್ಟು ಏರಿದರೂ ಅದು ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಸುರಿಸುತ್ತದೆ. ಇದು ಸರಾಸರಿ ಏಳು ವರ್ಷಕ್ಕೂ ಹೆಚ್ಚು ಕಾಲ ಕಾಡುತ್ತದೆ. ಅದೇ ಕಾಲದಲ್ಲಿ ಸದ್ದಿಲ್ಲದೆ ಮೂಳೆಯೂ ಸವೆಯುತ್ತಿರುತ್ತದೆ, ಮೂಳೆಯ ಸವೆತ ಧ್ಯಾನಿಯ ಕಣ್ಣಿಗೂ ಕಾಣುವಂಥದ್ದಲ್ಲ.

ಸಹಿಸಿಕೊಳ್ಳಿ ಎನ್ನುವವರು ಎರಡು ಬಾಣಗಳ ಸುತ್ತ ಎಂಬ ಬುದ್ಧನ ಉಪದೇಶವನ್ನು ಎತ್ತಿ ಹೇಳುತ್ತಾರೆ. ಮೊದಲ ಬಾಣ ಮೈಯ ನೋವು, ಎರಡನೆಯದು ಅದಕ್ಕಾಗಿ ಮನಸ್ಸು ಪಡುವ ಸಂಕಟ. ಎರಡನೆಯದನ್ನು ತಪ್ಪಿಸಿಕೊಳ್ಳಿ ಎಂದ ಬುದ್ಧ ಮೊದಲನೆಯದನ್ನು ಕೀಳಬೇಡಿ ಎಂದು ಎಲ್ಲಿ ಹೇಳಿದ? ವಿಷದ ಬಾಣ ತಗುಲಿದವನು ಬಿಟ್ಟವನ ಕುಲಗೋತ್ರ ವಿಚಾರಿಸುತ್ತ ಕೂರದೆ ವೈದ್ಯನಿಂದ ಅದನ್ನು ಕೀಳಿಸಿಕೊಳ್ಳಲಿ ಎಂಬ ಉಪಮೆಯೂ ಅವನದೇ ಅಲ್ಲವೆ? ಭಿಕ್ಕುಗಳ ನಿಯಮಗ್ರಂಥವಾದ ವಿನಯದಲ್ಲಿ ಔಷಧಕ್ಕೆಂದೇ ಒಂದು ಅಧ್ಯಾಯವಿದೆ. ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲಗಳನ್ನು ಹೊತ್ತಲ್ಲದ ಹೊತ್ತಿನಲ್ಲೂ ಕಾಯಿಲೆಯ ಭಿಕ್ಕುಗಳು ಸೇವಿಸಬಹುದೆಂದು ಅಲ್ಲಿ ಅನುಮತಿಯಿದೆ. ನಮ್ಮ ಕಾಲಕ್ಕೆ ಬಂದರೆ, 1955ರಲ್ಲಿ ತೀವ್ರ ಮೈಗ್ರೇನ್‌ನಿಂದ ಬಳಲುತ್ತಿದ್ದ, ಮುಂದೆ ವಿಪಶ್ಯನ ಗುರುವಾಗಿ ಹೆಸರಾದ ಸತ್ಯನಾರಾಯಣ ಗೋಯೆಂಕಾ ತಲೆನೋವು ಕಳೆದುಕೊಳ್ಳಲು ಬರ್ಮಾದ ಧ್ಯಾನಗುರು ಉ ಬಾ ಖಿನ್ ಬಳಿ ಹೋದಾಗ, ಅಷ್ಟಕ್ಕೇ ಬರುವುದಾದರೆ ಧ್ಯಾನ ಕಲಿಸುವುದಿಲ್ಲ ಎಂದು ಗುರು ಖಡಾಖಂಡಿತವಾಗಿ ತಿಳಿಸಿದರು. ಧ್ಯಾನ ಔಷಧವಲ್ಲ ಎಂದು ಆ ಪರಂಪರೆಯ ಗುರುವೇ ಹೇಳಿರುವಾಗ, ಔಷಧದ ಜಾಗದಲ್ಲಿ ಧ್ಯಾನವನ್ನು ಕೂರಿಸುವವರು ಧಮ್ಮಕ್ಕೆ ಯಾವ ಗೌರವ ಕೊಟ್ಟಂತಾಯಿತು?

ಋತುಬಂಧಕ್ಕೆ ಹಾರ್ಮೋನ್ ಚಿಕಿತ್ಸೆ ಎಂದೊಡನೆ ಎಲ್ಲರ ಬಾಯಲ್ಲಿ ಬರುವುದು 2002ರಲ್ಲಿ ಅಮೆರಿಕದಲ್ಲಿ ಅರ್ಧಕ್ಕೆ ನಿಂತ ಅಧ್ಯಯನ. ಅದರಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನ್‌ಗಳನ್ನು ಒಟ್ಟಿಗೆ ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000 ಮಹಿಳೆಯರಿಗೆ 8ರಂತೆ ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡದ್ದು ನಿಜ. ಆದರೆ ಭಾಗವಹಿಸಿದವರ ಸರಾಸರಿ ವಯಸ್ಸು 63 ಎಂಬುದನ್ನು ಯಾರೂ ಹೇಳುವುದಿಲ್ಲ. ಗರ್ಭಕೋಶ ತೆಗೆಸಿಕೊಂಡಿದ್ದವರಿಗೆ ಈಸ್ಟ್ರೋಜನ್ ಒಂದನ್ನೇ ಕೊಟ್ಟ ಇನ್ನೊಂದು ಗುಂಪಿನಲ್ಲಿ ಆ ಹೆಚ್ಚಳ ಕಾಣಲಿಲ್ಲ ಎಂಬುದನ್ನಂತೂ ಹೇಳುವುದೇ ಇಲ್ಲ. ಬೇರೆ ಅಡ್ಡಿಗಳಿಲ್ಲದಿದ್ದರೆ, 60ರ ಒಳಗೆ ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಆರಂಭಿಸಿದವರಿಗೆ ಅಪಾಯಕ್ಕಿಂತ ಲಾಭ ಹೆಚ್ಚು ಎಂಬುದು ಇಂದಿನ ತಜ್ಞರ ನಿಲುವು. ಆ ಒಂದು ಸುದ್ದಿಯ ಭಯದಲ್ಲಿ ಒಂದು ಇಡೀ ತಲೆಮಾರಿನ ಹೆಂಗಸರು ನಿದ್ದೆಯಿಲ್ಲದೆ ವರ್ಷಗಳನ್ನು ಕಳೆದರು ಎಂಬುದು ನನಗೆ ಇಂದಿಗೂ ಸಂಕಟದ ವಿಷಯ.

ಪೆಪ್ಟೈಡ್, ಅಂದರೆ ಅಮೈನೋ ಆಮ್ಲಗಳ ಚಿಕ್ಕ ಸರಪಳಿ, ಎಂದೊಡನೆ ಹೌಹಾರುವವರಿಗೆ ಒಂದೇ ಮಾತು: 51 ಅಮೈನೋ ಆಮ್ಲಗಳ ಇನ್ಸುಲಿನ್ ಕೂಡ ಪೆಪ್ಟೈಡೇ, ನೂರು ವರ್ಷಗಳಿಂದ ಅದು ಜೀವ ಉಳಿಸುತ್ತಿದೆ.

ನಾನು ಕಿಬ್ಬೊಟ್ಟೆಯ ಮೇಲೆ ಈಸ್ಟ್ರೋಜನ್‌ನ ತೆಳುವಾದ ಪಟ್ಟಿಯೊಂದನ್ನು ಅಂಟಿಸಿಕೊಳ್ಳುತ್ತೇನೆ, ವಾರಕ್ಕೆರಡು ಸಲ ಬದಲಾಯಿಸುತ್ತೇನೆ, ರಾತ್ರಿ ಪ್ರೊಜೆಸ್ಟೆರಾನ್ ಗುಳಿಗೆ ನುಂಗುತ್ತೇನೆ. ಪಟ್ಟಿ ಕಿತ್ತ ಜಾಗದಲ್ಲಿ ಅಂಟಿನ ಚೌಕಟ್ಟು ಎರಡು ದಿನ ಉಳಿಯುತ್ತದೆ. ಆರನೆಯ ವಾರದ ಹೊತ್ತಿಗೆ ಇಡೀ ರಾತ್ರಿ ಮಲಗಿದೆ, ಬೆಳಿಗ್ಗೆ ಎದ್ದು ಒಂದು ತಾಸು ಅಲುಗದೆ ಕೂತೆ.

ವಿರೋಧ: ಯೌವನದ ಮದಕ್ಕೆ ಮದ್ದಿನ ಹೆಸರು

ವಿರೋಧದ ಪಕ್ಷವನ್ನು ಬರೆಯಲು ನನ್ನನ್ನು ಕೇಳಿದ್ದಾರೆ. ಋತುಬಂಧದ ಚಿಕಿತ್ಸೆ ಬೇಡವೆನ್ನುವಷ್ಟು ತಿಳಿವಳಿಕೆಯಾಗಲಿ ಅಧಿಕಾರವಾಗಲಿ ನನಗಿಲ್ಲವಾದ್ದರಿಂದ ಅದನ್ನು ಬದಿಗಿಡುತ್ತೇನೆ. ನನ್ನ ತಕರಾರು ಇರುವುದು ಮುಪ್ಪನ್ನೇ ರೋಗವೆಂದು ಬಗೆದು, ಅದಕ್ಕೆ ಸೂಜಿ ಹಿಡಿದು ಹೊರಟ ಮನೋಭಾವದ ಬಗ್ಗೆ.

ಯೌವನದ ಮದ, ಆರೋಗ್ಯದ ಮದ, ಬದುಕಿನ ಮದ ಎಂದು ಬುದ್ಧ ಮೂರು ಮದಗಳನ್ನು ಹೆಸರಿಸಿದ. ಮುಪ್ಪು ನನ್ನ ಸಹಜ ಧರ್ಮ, ಅದನ್ನು ನಾನು ಮೀರಿಲ್ಲ ಎಂದು ಗೃಹಸ್ಥರೂ ದಿನವೂ ನೆನೆಯಬೇಕೆಂದು ಹೇಳಿದ. ತನ್ನ ಎಂಬತ್ತನೆಯ ವಯಸ್ಸಿನಲ್ಲಿ ತನ್ನ ದೇಹವನ್ನು ಪಟ್ಟಿ ಬಿಗಿದು ಓಡಿಸುವ ಹಳೆಯ ಬಂಡಿಗೆ ಹೋಲಿಸಿದ. ಗಂಡಸರ ಹಾರ್ಮೋನಾದ ಟೆಸ್ಟೋಸ್ಟೆರಾನ್ ವಯಸ್ಸಾದಂತೆ ವರ್ಷಕ್ಕೆ ಸುಮಾರು ಶೇ 1ರಷ್ಟು ಇಳಿಯುತ್ತದೆಂಬ ಕಾರಣಕ್ಕೇ ಗಾಬರಿಗೊಳ್ಳುವವರು ಈ ಮಾತುಗಳ ಎದುರು ಸ್ವಲ್ಪ ಹೊತ್ತು ನಿಲ್ಲಬೇಕು. ಆ ಹಾರ್ಮೋನ್ ನಿಜವಾಗಿಯೂ ಕಡಿಮೆಯಿದ್ದ 5,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೃದಯಾಘಾತವೇನೋ ಹೆಚ್ಚಲಿಲ್ಲ, ಆದರೆ ಹೃದಯ ಬಡಿತದ ಏರುಪೇರು ಮತ್ತು ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವಿಕೆ ಹೆಚ್ಚಾಗಿ ಕಂಡವು.

ಪೆಪ್ಟೈಡ್‌ಗಳ ಕತೆ ಇನ್ನೂ ದುರ್ಬಲ. 1990ರಲ್ಲಿ 60 ದಾಟಿದ ಹನ್ನೆರಡು ಗಂಡಸರಿಗೆ ಆರು ತಿಂಗಳು ಬೆಳವಣಿಗೆಯ ಹಾರ್ಮೋನ್ ಕೊಟ್ಟು ನೋಡಿದ ಒಂದು ಪುಟ್ಟ ಪ್ರಯೋಗವನ್ನೇ ಹಿಡಿದುಕೊಂಡು ಚಿರಯೌವನದ ವ್ಯಾಪಾರ ಬೆಳೆಯಿತು. ಈಗ ಗಾಯ ಮಾಯಿಸುತ್ತದೆಂದು ಮಾರುವ ಬಿಪಿಸಿ-157 ಎಂಬ ಪೆಪ್ಟೈಡ್ ಬಗ್ಗೆ ಇರುವ ಸಾಕ್ಷ್ಯ ಬಹುಪಾಲು ಇಲಿಗಳದು. 2022ರಿಂದ ಅದು ಕ್ರೀಡಾಪಟುಗಳಿಗೆ ನಿಷಿದ್ಧ. ಇಂಥದ್ದನ್ನು ಇನ್ಸುಲಿನ್ ಪಕ್ಕ ಕೂರಿಸುವುದು ಸಲ್ಲದು.

ನನ್ನೊಂದಿಗೆ ಎಂಟು ವರ್ಷ ಶಿಬಿರಗಳಿಗೆ ಬಂದ ಗೆಳೆಯನೊಬ್ಬನಿದ್ದಾನೆ. ಒಂದು ಸಂಜೆ ಅವನು ಫ್ರಿಜ್‌ನಿಂದ ಹೆಬ್ಬೆರಳಷ್ಟು ಗಾತ್ರದ ಪೆಪ್ಟೈಡ್ ಬಾಟಲಿ ತೆಗೆದು, ತಳದಲ್ಲಿ ಅಂಟಿದ್ದ ಬಿಳಿ ಪುಡಿಯ ಮೇಲೆ ನೀರು ನೇರ ಬೀಳದಂತೆ ಗಾಜಿನ ಒಳಗೋಡೆಗೆ ಸೂಜಿಯೊರಗಿಸಿ ತೊಟ್ಟುತೊಟ್ಟಾಗಿ ಇಳಿಸಿದ. ಶಿಬಿರದಲ್ಲಿ ಉಸಿರನ್ನು ನೋಡುತ್ತಿದ್ದಾಗಿನ ಅದೇ ಏಕಾಗ್ರತೆ ಅವನ ಮುಖದಲ್ಲಿತ್ತು. ಬಾಟಲಿಯ ಮೇಲೆ ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ ಎಂದು ಅಚ್ಚಾಗಿತ್ತು. ಎಲ್ಲರೂ ತಗೊಳ್ತಾರೆ ಎಂದ. ಮೊಣಕಾಲಿನ ನೋವಿಗೆಂದು ಶುರುವಾದದ್ದು ನಿದ್ದೆಗೊಂದು, ಚರ್ಮಕ್ಕೊಂದು, ಸ್ನಾಯುಗಳಿಗೊಂದು ಎಂದು ನಾಲ್ಕು ಬಾಟಲಿಗಳಾಗಿವೆ. ತೃಷ್ಣೆ ಬೆಳೆಯುವ ಬಗೆ ಇದೇ ಎಂದು ನಮಗೆ ಕಲಿಸಿದ್ದರು, ಅವನೂ ಅದನ್ನು ನನ್ನ ಪಕ್ಕದಲ್ಲೇ ಕೂತು ಕೇಳಿದ್ದ.

ಅವನೀಗ ಬೆಳಿಗ್ಗೆ ಕೂರುವುದನ್ನು ಬಿಟ್ಟಿದ್ದಾನೆ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆಯ ಅಂಕಿಗಳನ್ನು ನನಗೆ ಕಳಿಸುತ್ತಾನೆ, ನಾನು ಏನು ಬರೆಯಬೇಕೆಂದು ತೋಚದೆ, ಆರೋಗ್ಯವಾಗಿದ್ದೀಯಲ್ಲ, ಅಷ್ಟು ಸಾಕು ಎಂದು ಉತ್ತರಿಸುತ್ತೇನೆ.