28 ಡಿಗ್ರಿಗೆ ಹೆಪ್ಪುಗಟ್ಟುವ ಊರು

ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದರು ಅಂತ ಗಾದೆ. ನಮ್ಮ ಬೆಂಗಳೂರಿನವರು ಕೂಸಿಗೂ ಕಾಯುವುದಿಲ್ಲ. ನವೆಂಬರ್ ಕೊನೆಗೆ ಒಂದು ದಿನ ಮೋಡ ಕವಿದರೆ ಸಾಕು, ತಾವೇ ಕುಲಾವಿ ಹಾಕಿಕೊಂಡು ಬಿಡುತ್ತಾರೆ. ಲಾಫ್ಟಿನಿಂದ ಸೂಟ್‌ಕೇಸು ಇಳಿಯುತ್ತದೆ, ಅದರಿಂದ ಸ್ವೆಟರು ಹೊರಗೆ ಬರುತ್ತದೆ, ಲಿಫ್ಟಿನ ತುಂಬ ನುಸಿಗುಳಿಗೆಯ ವಾಸನೆ. ನಮ್ಮೂರಿಗೆ ಚಳಿಗಾಲ ಬಂದಿದೆ ಅಂತ ತಿಳಿಯುವುದು ಮೂಗಿನಿಂದಲೇ ಹೊರತು ಮೈಯಿಂದ ಅಲ್ಲ.

ಆಮೇಲೆ ಟೀವಿಯವರು. ಬೆಳಗಿನ ಆರಕ್ಕೆ ಕಬ್ಬನ್ ಪಾರ್ಕಿನಲ್ಲಿ ಮೈಕ್ ಹಿಡಿದು ನಿಂತ ಹುಡುಗ ಕಿವಿಯವರೆಗೆ ಮಫ್ಲರ್ ಸುತ್ತಿಕೊಂಡಿರುತ್ತಾನೆ. ಬಾಯಿಂದ ಹೊಗೆ ಬರಲಿ ಅಂತ ಮಾತಿಗೊಮ್ಮೆ 'ಹಾ' ಎನ್ನುತ್ತಾನೆ. ಹೊಗೆ ಬರುವುದಿಲ್ಲ. ವಾಕಿಂಗಿಗೆ ಬಂದ ಹಿರಿಯರೊಬ್ಬರನ್ನು ತಡೆದು, "ಸಾರ್, ಈ ಚಳಿ ಹೇಗೆ ತಡ್ಕೊಳ್ತಾ ಇದ್ದೀರಾ?" ಅಂತ ಕೇಳುತ್ತಾನೆ. ಅರ್ಧ ತೋಳಿನ ಟೀ ಶರ್ಟಿನಲ್ಲಿರುವ ಅವರು ಹಣೆಯ ಬೆವರು ಒರೆಸಿಕೊಂಡು, "ತುಂಬಾ ಕಷ್ಟ ಆಗ್ತಿದೆ" ಎನ್ನುತ್ತಾರೆ. ಕೆಳಗೆ ಕೆಂಪು ಪಟ್ಟಿಯಲ್ಲಿ 'ಕಾಶ್ಮೀರವಾಯ್ತು ಬೆಂಗಳೂರು' ಓಡುತ್ತಿರುತ್ತದೆ. ಪಕ್ಕದಲ್ಲೇ ಸಣ್ಣಗೆ, 16 ಡಿಗ್ರಿ.

ನಡುಗುವುದಕ್ಕೆ ನಿಜವಾದ ಹಕ್ಕಿದ್ದವರು 1884ರ ಬೆಂಗಳೂರಿನವರು. ಆ ವರ್ಷ ಜನವರಿ 13ರಂದು ಇಲ್ಲಿ 7.8 ಡಿಗ್ರಿ ಇತ್ತು. ಇವತ್ತಿಗೂ ಅದೇ ದಾಖಲೆ. ನೂರ ನಲವತ್ತು ವರ್ಷ ದಾಟಿದರೂ ಮುರಿಯಲಾಗಲಿಲ್ಲ, ನಾವು ಮಾತ್ರ ಪ್ರತಿ ವರ್ಷ ಮುರಿದವರಂತೆ ಹಲ್ಲು ಕಟಕಟಿಸುತ್ತೇವೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಯಲುಸೀಮೆಯ ಊರಿಗೆ ಶೀತಗಾಳಿ ಅಂತ ಘೋಷಿಸಬೇಕಾದರೆ ಉಷ್ಣಾಂಶ ಮೊದಲು 10 ಡಿಗ್ರಿಗೆ ಇಳಿಯಬೇಕು, ಜೊತೆಗೆ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಕಡಿಮೆ ಇರಬೇಕು. ವಿಜಯಪುರ, ಬೀದರಿನವರು ಈ ಪರೀಕ್ಷೆಯನ್ನು ಆಗಾಗ ಪಾಸು ಮಾಡುತ್ತಾರೆ. ನಾವು ಫೇಲಾಗಿಯೂ ಸಿಹಿ ಹಂಚುವವರು.

ಇದೆಲ್ಲ ಮಾಮೂಲಿ ಬಿಡಿ. ಹೋದ ಡಿಸೆಂಬರಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಡೆದದ್ದು ಮಾಮೂಲಿ ಅಲ್ಲ.

ನಮ್ಮದು 72 ಮನೆಗಳ ಅಪಾರ್ಟ್‌ಮೆಂಟು. ಹೆಸರು ಬೇಡ, ನಾನಿನ್ನೂ ಅಲ್ಲೇ ಇರಬೇಕು. ಒಂದು ರಾತ್ರಿ ಗ್ರೂಪಿಗೆ ಫಾರ್ವರ್ಡ್ ಬಂತು. ಭೂಮಿ ಸೂರ್ಯನಿಂದ ಬಹಳ ದೂರ ಹೋಗಿದೆಯಂತೆ, ಹಾಗಾಗಿ ಈ ಸಲ ಎಂದೂ ಕಾಣದ ಚಳಿಯಂತೆ. ನಿಜ ಹೇಳಬೇಕೆಂದರೆ ಜನವರಿ ಮೊದಲ ವಾರದಲ್ಲೇ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು, ಸುಮಾರು 14.7 ಕೋಟಿ ಕಿಲೋಮೀಟರ್. ದೂರ ಹೋಗುವುದು ಜುಲೈನಲ್ಲಿ. ಇದನ್ನು ನಾನು ಗ್ರೂಪಿಗೆ ಹಾಕಿದೆ. "ಸಾರ್, ನೆಗೆಟಿವ್ ಮಾತಾಡಬೇಡಿ" ಅಂತ ಉತ್ತರ ಬಂತು.

ಮರುದಿನ ನಾಲ್ಕನೇ ಮಹಡಿಯ ರಾಯರು ಇನ್ನೊಂದು ಕಳಿಸಿದರು. ಅವರ ಮಗ ಅಮೆರಿಕದ ಡಲ್ಲಾಸಿನಲ್ಲಿದ್ದಾನೆ. ಅಲ್ಲಿನವರು ಚಳಿಗೆ ಹೇಗೆ ಸಿದ್ಧರಾಗಬೇಕು ಅಂತ ಒಂದು ಉದ್ದನೆ ಪಟ್ಟಿ. ಆ ಪಟ್ಟಿಗೆ ಕಾರಣ ಇದೆ, ಅದನ್ನು ತಮಾಷೆ ಮಾಡಬಾರದು. ಟೆಕ್ಸಾಸ್ ನಮ್ಮ ಹಾಗೇ ಬೆಚ್ಚಗಿನ ಸೀಮೆ. 2021ರ ಫೆಬ್ರವರಿಯಲ್ಲಿ ಅಲ್ಲಿ ಡಲ್ಲಾಸಿನಂಥ ಊರಲ್ಲೂ ಮೈನಸ್ 18ರ ಆಚೆಗೆ ಇಳಿಯಿತು. ಕರೆಂಟು ಹೋಯಿತು, ಪೈಪುಗಳು ಒಡೆದವು, 246 ಜನ ಸತ್ತರು ಅಂತ ಅಲ್ಲಿನ ಸರ್ಕಾರವೇ ಲೆಕ್ಕ ಕೊಟ್ಟಿತು. ಅಂಥ ಏಟು ತಿಂದವರು ಪಟ್ಟಿ ಮಾಡಿಕೊಳ್ಳುತ್ತಾರೆ. ಸರಿಯೇ ಅಲ್ವಾ?

ನಮ್ಮ ಕಾರ್ಯದರ್ಶಿಗಳಿಗೂ ಸರಿ ಅನ್ನಿಸಿತು. ಭಾನುವಾರ ತುರ್ತು ಸಭೆ ಕರೆದರು. ಸಭೆಗೆ ಕೋರಂ ಆಯಿತು. ಇದನ್ನು ಎರಡು ಸಲ ಓದಿಕೊಳ್ಳಿ. ಮಳೆಗಾಲದಲ್ಲಿ ಬೇಸ್‌ಮೆಂಟಿಗೆ ನೀರು ನುಗ್ಗಿ ಮೋಟರು ಮುಳುಗಿದಾಗ ಕರೆದ ಸಭೆಗೆ ಬಂದವರು ಐದು ಜನ, ಅದರಲ್ಲಿ ಇಬ್ಬರು ಮೋಟರಿನ ಬಗ್ಗೆ ಅಲ್ಲ, ಪಾರ್ಕಿಂಗ್ ಬಗ್ಗೆ ಜಗಳ ಆಡಲು ಬಂದಿದ್ದರು. 2016ರ ಏಪ್ರಿಲಿನಲ್ಲಿ ಈ ಊರು 39.2 ಡಿಗ್ರಿ ಕಂಡಿತು, ಯಾರೂ ಸಮಿತಿ ಮಾಡಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಕಡೆ ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು, ಫೋಟೋ ತೆಗೆದುಕೊಂಡೆವು, ಮರೆತೆವು. ಬಂದೇ ಬರುವ ಮಳೆಗೆ, ಬಿಸಿಲಿಗೆ ನಮ್ಮಲ್ಲಿ ತಯಾರಿ ಇಲ್ಲ. ಬರಲೇ ಬಾರದ ಹಿಮಕ್ಕೆ ಅರವತ್ತೊಂದು ಜನ ಕುರ್ಚಿ ಎಳೆದುಕೊಂಡು ಕೂತಿದ್ದರು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ಸೆಕೆ ಅಂತ.

ಕಾರ್ಯದರ್ಶಿಗಳು ಪಟ್ಟಿಯನ್ನು ಓದಿದರು. ಉಷ್ಣಾಂಶ 28 ಡಿಗ್ರಿಗಿಂತ ಕೆಳಗಿಳಿದರೆ ಪೈಪಿನಲ್ಲಿ ನೀರು ಹೆಪ್ಪುಗಟ್ಟುವ ಅಪಾಯ ಇದೆ, ಆದ್ದರಿಂದ ಪ್ರತಿ ನಲ್ಲಿಯನ್ನೂ ತೊಟ್ಟಿಕ್ಕುವಷ್ಟು ತೆರೆದಿಡಬೇಕು.

ಸಭೆ ಗಂಭೀರವಾಯಿತು. ಒಬ್ಬರು ಮೊಬೈಲು ತೆಗೆದು ನೋಡಿದರು. ಮಧ್ಯಾಹ್ನ ಹನ್ನೆರಡು ಗಂಟೆ, 26 ಡಿಗ್ರಿ. "ಅಯ್ಯೋ, ಆಗಲೇ ಕೆಳಗಿದೆಯಲ್ಲ!" ಎಂದರು. ಹಿಂದಿನ ಸಾಲಿನಿಂದ ಇಬ್ಬರು ಎದ್ದು ಮನೆಗೆ ಓಡಿದರು, ನಲ್ಲಿ ತೆರೆಯಲು.

ಅಮೆರಿಕದವರದು ಫ್ಯಾರನ್‌ಹೀಟ್, ಅವರ 28 ಅಂದರೆ ನಮ್ಮ ಮೈನಸ್ ಎರಡು ಅಂತ ನಾನು ಎದ್ದು ಹೇಳಿದೆ. ನಮ್ಮ 28 ಅಂದರೆ ಜನವರಿಯ ಮಧ್ಯಾಹ್ನದ ಬಿಸಿಲು. ಈ ಲೆಕ್ಕ ಹಿಡಿದರೆ ನಲ್ಲಿಯನ್ನು ಯುಗಾದಿಯವರೆಗೆ ಮುಚ್ಚುವ ಹಾಗೇ ಇಲ್ಲ. ಅಧ್ಯಕ್ಷರು ತಾಳ್ಮೆಯಿಂದ ಕೇಳಿಸಿಕೊಂಡರು. "ನೋಡಿ, ಡಿಗ್ರಿ ಯಾವುದಾದರೇನು, ಎಚ್ಚರಿಕೆ ಒಳ್ಳೇದು ತಾನೆ?" ಎಂದರು. ಚಪ್ಪಾಳೆ ಬಿತ್ತು. ಪೈಪು ಒಡೆದರೆ ರಿಪೇರಿ ಖರ್ಚು ಯಾರು ಕೊಡ್ತಾರೆ, ನೀವು ಕೊಡ್ತೀರಾ ಅಂತ ಇನ್ನೊಬ್ಬರು. ನಾನು ಕೂತೆ.

ಆಗ ಎರಡನೇ ಮಹಡಿಯ ಅಜ್ಜಿ ಮಾತಾಡಿದರು. ಚಾಮರಾಜಪೇಟೆಯಲ್ಲಿ ಹುಟ್ಟಿ ಬೆಳೆದವರು. 1967ರ ನವೆಂಬರ್ 15ಕ್ಕೆ ಈ ಊರಲ್ಲಿ 9.6 ಡಿಗ್ರಿ ಇತ್ತು ಅಂತ ದಾಖಲೆ ಇದೆ, ಅಜ್ಜಿಗೆ ಆ ಚಳಿಯ ನೆನಪೂ ಇಲ್ಲ. ನೆನಪಿಟ್ಟುಕೊಳ್ಳುವಂಥದ್ದು ಏನೂ ಆಗಿರಲಿಲ್ಲವಂತೆ. ಹಂಡೆ ಒಲೆಗೆ ಒಂದು ಸೌದೆ ಜಾಸ್ತಿ ಹಾಕಿರಬಹುದು ಎಂದರು. ಆಮೇಲೆ ಕಾರ್ಯದರ್ಶಿಗಳ ಕಡೆ ತಿರುಗಿ, "ಅಲ್ಲ ಕಣಪ್ಪ, ಈ ಚಳಿಗೆ ನಮ್ಮನೇಲಿ ಹಾಲೇ ಸರಿಯಾಗಿ ಹೆಪ್ಪಾಗ್ತಿಲ್ಲ. ರಾತ್ರಿ ಹೆಪ್ಪು ಹಾಕಿದ್ರೆ ಮಧ್ಯಾಹ್ನ ಆದ್ರೂ ಮೊಸರಿಲ್ಲ. ಪೈಪಿನ ನೀರು ಹೆಂಗಪ್ಪ ಹೆಪ್ಪಾಗುತ್ತೆ?"

ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಹಾಗಾಗಿ ಮುಂದಿನ ವಿಷಯಕ್ಕೆ ಹೋದರು.

ಅಂತೂ 'ಚಳಿ ನಿರ್ವಹಣಾ ಸಮಿತಿ' ಆಯಿತು. ಏಳು ಜನ, ಒಂದು ವಾಟ್ಸಾಪ್ ಗ್ರೂಪು, ಪ್ರತಿ ಮನೆಯಿಂದ ಐನೂರು ರೂಪಾಯಿ. ಕುಂಡದ ಗಿಡಗಳಿಗೆ ಬೆಡ್‌ಶೀಟು ಹೊದಿಸಿದರು. ತುಳಸಿಗೆ ಹಳೇ ಟವೆಲ್ಲು. ಈಜುಕೊಳದ ಹತ್ತಿರ 'ಮಂಜುಗಡ್ಡೆಯ ಮೇಲೆ ನಡೆಯಬೇಡಿ' ಅಂತ ಬೋರ್ಡು ಹಾಕುವ ಸಲಹೆ ಒಂದೇ ಮತದಿಂದ ಬಿದ್ದುಹೋಯಿತು. ನಾಯಿಗಳಿಗೆ ಸ್ವೆಟರು ಬಂತು, ಆನ್‌ಲೈನಿನಲ್ಲಿ. ಮೆಜೆಸ್ಟಿಕ್ ಕಡೆ ಫುಟ್‌ಪಾತಿನಲ್ಲಿ ಟಿಬೆಟಿನವರು ಮಾರುವ ಸ್ವೆಟರನ್ನು ಮನೆಯವರಿಗೆ ನೂರು ರೂಪಾಯಿ ಚೌಕಾಸಿ ಮಾಡಿ ತಂದವರೇ ನಾಯಿಗೆ ಎರಡು ಸಾವಿರದ್ದು ತರಿಸಿದರು.

ದೊಡ್ಡ ಖರ್ಚು ಪೈಪಿನದು. ಟೆರೇಸಿನ ಪೈಪುಗಳಿಗೆಲ್ಲ ಕಪ್ಪು ಫೋಮು ಸುತ್ತಿಸಿದರು. ಮೇಲೆ ಹತ್ತಿ ನೋಡಿದರೆ ಪೈಪುಗಳೆಲ್ಲ ಅಯ್ಯಪ್ಪ ಮಾಲೆ ಹಾಕಿದವರ ಹಾಗೆ ಕಪ್ಪು ಬಟ್ಟೆ ಉಟ್ಟು ಸಾಲಾಗಿ ನಿಂತಿದ್ದವು. ಪಕ್ಕದಲ್ಲೇ ಸೋಲಾರ್ ಹೀಟರುಗಳು ಬಿಸಿಲಿಗೆ ಕಾಯುತ್ತಿದ್ದವು. ಆ ಪೈಪಿನಲ್ಲಿ ಮಧ್ಯಾಹ್ನ ಬರುವ ನೀರಿಗೆ ಕೈ ಒಡ್ಡಲಾಗುವುದಿಲ್ಲ, ಅಷ್ಟು ಬಿಸಿ. ಈಗ ಫೋಮು ಬೇರೆ, ಅದು ಸಂಜೆವರೆಗೂ ಆರುವುದಿಲ್ಲ.

ಇನ್ನು ನಲ್ಲಿ. ಇದೇ ನಲ್ಲಿಗಳಿಗೆ ನಾವು 2024ರ ಮಾರ್ಚಿನಲ್ಲಿ ಏರೇಟರ್, ಅಂದರೆ ನೀರು ಕಡಿಮೆ ಸುರಿಯುವಂತೆ ಮಾಡುವ ಜಾಲರಿ, ಹಾಕಿಸಿದ್ದೆವು. ಬೋರ್‌ವೆಲ್ಲುಗಳು ಬತ್ತಿ ಊರೆಲ್ಲ ಟ್ಯಾಂಕರಿನ ಹಿಂದೆ ಓಡುತ್ತಿದ್ದ ದಿನಗಳು. ಏರೇಟರ್ ಕಡ್ಡಾಯ ಎಂದಿತ್ತು ಜಲಮಂಡಳಿ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ. ಆಗ ನಮ್ಮ ಕಾರ್ಯದರ್ಶಿಗಳೇ ಮನೆ ಮನೆ ಬಾಗಿಲು ತಟ್ಟಿ, "ಒಂದು ಹನಿಯೂ ಪೋಲಾಗಬಾರದು" ಎಂದಿದ್ದರು. ಈಗ ಅದೇ ಬಾಗಿಲು ತಟ್ಟಿ, "ಹನಿ ಬೀಳ್ತಿದೆಯಾ?" ಅಂತ ವಿಚಾರಿಸುತ್ತಿದ್ದರು.

ಸುಮ್ನೆ ಲೆಕ್ಕ ಹಾಕಿ. ಸೆಕೆಂಡಿಗೊಂದು ಹನಿ ಬಿದ್ದರೆ ಒಂದು ನಲ್ಲಿಯಿಂದ ದಿನಕ್ಕೆ ಹೆಚ್ಚುಕಡಿಮೆ 20 ಲೀಟರ್. ಮನೆಗೆ ಐದು ನಲ್ಲಿ, 72 ಮನೆ. ದಿನಕ್ಕೆ 7,200 ಲೀಟರ್, ಅಂದರೆ ಆರು ಸಾವಿರ ಲೀಟರಿನ ಟ್ಯಾಂಕರು ಒಂದನ್ನು ತರಿಸಿ ಗಟಾರಕ್ಕೆ ಬಗ್ಗಿಸಿ, ಮೇಲೆ ಇನ್ನಷ್ಟು ಕೈಯಿಂದ ಹಾಕಿದ ಹಾಗೆ. ಕಾವೇರಿ ನೀರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬರುತ್ತದೆ. ಅಷ್ಟು ಕಷ್ಟಪಟ್ಟು ಬಂದದ್ದನ್ನು ಚಳಿಯಾಗದಿರಲಿ ಅಂತ ಮೋರಿಗೆ ಕಳಿಸಿಕೊಟ್ಟೆವು. ಮೂರನೇ ದಿನ ಸಂಪು ಖಾಲಿ. "ಪೈಪು ಮಾತ್ರ ಒಂದೂ ಒಡೆದಿಲ್ಲ, ನೋಡಿದಿರಾ?" ಅಂತ ಸಮಿತಿ ಗ್ರೂಪಿನಲ್ಲಿ ಬರೆಯಿತು.

ಸಂಪು ಖಾಲಿಯಾದ ರಾತ್ರಿ ಟ್ಯಾಂಕರು ಬಂದಾಗ ಬೆಳಗಿನ ಜಾವ ನಾಲ್ಕು. ಪೈಪು ತೋರಿಸಲು ನಾನು ಇಳಿದು ಹೋದೆ. ಗೇಟಿನಲ್ಲಿ ನಮ್ಮ ಸೆಕ್ಯುರಿಟಿಯವರು ಇದ್ದರು, ವಿಜಯಪುರದ ಕಡೆಯವರು. ಅವರ ಗೂಡು ತಗಡಿನದು, ಮಂಚದಷ್ಟು ಅಗಲ. ಅದರ ಕಿಟಕಿಯ ಗಾಜು ದಸರಾಕ್ಕೆ ಮುಂಚೆ ಮಕ್ಕಳ ಚೆಂಡು ಬಿದ್ದು ಒಡೆದಿತ್ತು. ರಿಪೇರಿಗೆ ಎರಡು ಸಲ ಬರೆದುಕೊಟ್ಟಿದ್ದರು. ಮುಂದಿನ ಮೀಟಿಂಗಿನಲ್ಲಿ ನೋಡೋಣ ಎಂದಿದ್ದರು ನಮ್ಮವರು. ನಮ್ಮ ಚಳಿ ಸಭೆಯಲ್ಲಿ ಅದು ಎಂಟನೇ ವಿಷಯ, ಏಳನೆಯದಕ್ಕೇ ಕಾಫಿ ಬಂದಿತ್ತು.

"ಚಳಿ ಇದೆಯಾ ಅಣ್ಣ?" ಅಂತ ಕೇಳಿದೆ.

ಅವರು ನಕ್ಕರು. "ಇದಕ್ಕ ಥಂಡಿ ಅಂತಾರೇನ್ರೀ ಸರ? ನಮ್ಮೂರಾಗ ಬಂದು ನೋಡ್ರಿ. ಗಾಳಿ ಮಾತ್ರ ಆ ಕಿಡಕ್ಯಾಗಿಂದ ಸೀದಾ ಬೆನ್ನಿಗೇ ಹೊಡೀತೈತ್ರಿ, ಅದಷ್ಟ ತ್ರಾಸು."

ಹಿಂದಿನ ದಿನ ಎಲೆ ಗುಡಿಸಿ ಒಂದು ಸಣ್ಣ ಬೆಂಕಿ ಹಾಕಿಕೊಂಡಿದ್ದರಂತೆ. ಮೊದಲನೇ ಮಹಡಿಯವರು ಬಾಲ್ಕನಿಯಿಂದ ಫೋಟೋ ತೆಗೆದು ಹಾಕಿದ್ದರು, ಹೊಗೆ ಬರುತ್ತದೆ ಅಂತ. ಸಮಿತಿಯವರು ಬಂದು ಬಕೆಟಿನಲ್ಲಿ ನೀರು ತಂದು ಆರಿಸಿದರಂತೆ. ಯಾವ ನೀರು ಅಂತ ಕೇಳಿದೆ. ನಲ್ಲಿ ಕೆಳಗೆ ಇಟ್ಟಿದ್ದ ಬಕೆಟಿನದು, ತೊಟ್ಟಿಕ್ಕಿದ್ದು.

ಎರಡು ದಿನ ಬಿಟ್ಟು ಅದೇ ದಾರಿಯಲ್ಲಿ ಹೋಗುವಾಗ ನೋಡಿದೆ. ಒಡೆದ ಗಾಜಿನ ಜಾಗಕ್ಕೆ ಕಪ್ಪು ಫೋಮು ಒತ್ತಿ ತುರುಕಿತ್ತು. ಅಚ್ಚುಕಟ್ಟಾಗಿ ಕತ್ತರಿಸಿದ್ದರು, ಅಂಚಿಗೆ ಸುತಳಿ ಕಟ್ಟಿ. ಗಾಳಿ ಹೋಗಲು ಒಂದು ಸಂದೂ ಇರಲಿಲ್ಲ.

ಅವತ್ತೇ ಸಂಜೆ ಗ್ರೂಪಿಗೆ ಸಮಿತಿಯ ನೋಟೀಸು ಬಂತು. ಟೆರೇಸಿನ ಮೂರನೇ ಪೈಪಿನ ಎರಡು ಅಡಿ ಫೋಮು ಕಾಣೆಯಾಗಿದೆ. ಪೈಪು ಬರಿಮೈಯಲ್ಲಿದೆ. ಸಿಸಿಟಿವಿ ನೋಡಲಾಗುತ್ತಿದೆ, ಯಾರಾದರೂ ಕಂಡಿದ್ದರೆ ತಿಳಿಸಿ.

ನಾನು ಸ್ವಲ್ಪ ಹೊತ್ತು ಯೋಚನೆ ಮಾಡಿ, 'ಅಳಿಲು ಗೂಡಿಗೆ ಎಳ್ಕೊಂಡು ಹೋಗಿರಬೇಕು, ನೆನ್ನೆ ನೋಡಿದೆ' ಅಂತ ಹಾಕಿದೆ.

ಐದು ನಿಮಿಷದಲ್ಲಿ ಹದಿನೇಳು ಜನ ಅಳುವ ಮುಖದ ಬೊಂಬೆ ಕಳಿಸಿದರು. ಪಾಪ, ಅದಕ್ಕೂ ಚಳಿ ಅಲ್ವಾ ಎಂದರು ಅಧ್ಯಕ್ಷರು. ಕಾರ್ಯದರ್ಶಿಗಳು ಸಿಸಿಟಿವಿ ಕೈಬಿಟ್ಟು, ಅಳಿಲುಗಳಿಗೆ ಟೆರೇಸಿನಲ್ಲಿ ಬೆಚ್ಚನೆಯ ಗೂಡು ಕಟ್ಟಿಸುವ ವಿಷಯವನ್ನು ಭಾನುವಾರದ ಸಭೆಗೆ ಮೊದಲನೆಯದಾಗಿ ಸೇರಿಸಿದರು.