ಪ್ಯಾಂಗಾಂಗ್ ಒಂದೇ ದಿನದಲ್ಲಿ ಅಂದ್ರೆ ಚಾಂಗ್ ಲಾ ಎರಡು ಸಲ

ಜೂನ್ ಬಂತೆಂದರೆ ಬೆಂಗಳೂರಿನ ಬೈಕುಗಳೆಲ್ಲ ಲಡಾಖ್ ಕಡೆ ಮುಖ ಮಾಡುತ್ತವೆ. ಜೊತೆಗೆ ಅದೇ ಪ್ರಶ್ನೆ: ಲೇಹ್‌ನಿಂದ ಪ್ಯಾಂಗಾಂಗ್ ಸರೋವರಕ್ಕೆ ಒಂದೇ ದಿನದಲ್ಲಿ ಹೋಗಿಬರಬಹುದಾ? ಬರಬಹುದು. ನನ್ನ ಪ್ರಕಾರ ಬಯಲುಸೀಮೆಯ ದೇಹಕ್ಕೆ ಅದೇ ಕಡಿಮೆ ತ್ರಾಸು. ಲೇಹ್ ಸುಮಾರು 3,500 ಮೀಟರ್, ಸರೋವರ ಸುಮಾರು 4,250. ಎತ್ತರ ಹತ್ತಿದ್ದಕ್ಕಿಂತ ಎತ್ತರದಲ್ಲಿ ಮಲಗಿದ್ದೇ ಜಾಸ್ತಿ ಕಾಡುತ್ತದೆ. ಆದರೆ ವಿಮಾನದಲ್ಲಿ ಬಂದಿಳಿದವರು ಮೊದಲು ಲೇಹ್‌ನಲ್ಲಿ ಎರಡು ದಿನ ಪೂರ್ತಿ ಸುಮ್ಮನೆ ಕಳೆದಿರಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಎಲ್ಲರೂ ಮರೆಯುವುದು ಮ್ಯಾಪಿನ ಆಕಾರ. ನಡುವೆ ಚಾಂಗ್ ಲಾ ಇದೆ, ಬೆಟ್ಟಸಾಲನ್ನು ದಾಟುವ ಎತ್ತರದ ಪಾಸ್, ಸುಮಾರು 5,360 ಮೀಟರ್. ಸರೋವರ ಇರುವುದು ಆ ಗೋಡೆಯ ಆಚೆಗೆ. ಅಲ್ಲಿ ತಲೆ ಸಿಡಿದು ವಾಂತಿ ಶುರುವಾದರೆ "ಬೇಗ ಕೆಳಗೆ ಇಳಿಸಿ" ಅನ್ನುವ ಸಲಹೆ ಅಷ್ಟು ಸುಲಭಕ್ಕೆ ನಡೆಯುವುದಿಲ್ಲ. ಲೇಹ್‌ಗೆ ಇಳಿಯಬೇಕಾದರೂ ಮೊದಲು ಸಾವಿರ ಮೀಟರಿಗೂ ಹೆಚ್ಚು ಹತ್ತಬೇಕು. ಹಾಗಾಗಿ ಮುಂದೆ ಹೋಗುವುದೋ ಬೇಡವೋ ಅನ್ನುವುದು ತೀರ್ಮಾನ ಆಗಬೇಕಾದದ್ದು ಪಾಸ್‌ನ ಈಚೆಗೇ, ಜಿಂಗ್ರಾಲ್ ಹತ್ತಿರ. ತಲೆನೋವಿನ ಜೊತೆ ಹೊಟ್ಟೆ ತೊಳಸುತ್ತಿದ್ದರೆ ಅಲ್ಲೇ ಗಾಡಿ ತಿರುಗಿಸಿ. ನೆಟ್ಟಗೆ ಒಂದು ಗೆರೆಯ ಮೇಲೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ಹತ್ತು ಹೆಜ್ಜೆ ಇಡಿಸಿ ನೋಡಿ. ತೂರಾಡಿದರೆ ಅದು ಸುಸ್ತಲ್ಲ, ಮಿದುಳಿಗೆ ನೀರು ತುಂಬುತ್ತಿರುವ ಲಕ್ಷಣ ಇರಬಹುದು. ಆಗ ಒಂದು ನಿಮಿಷವೂ ಕಾಯಬಾರದು. ಎತ್ತರದ ಕಾಯಿಲೆಗೆ ಕೊಡುವ ಡೈಮಾಕ್ಸ್ ಮಾತ್ರೆ ಡಾಕ್ಟರನ್ನು ಕೇಳಿಯೇ ತಗೊಳ್ಳಿ, ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ.

ಹವಾಮಾನದ ವಿಷಯದಲ್ಲಿ ನಮ್ಮ ಘಟ್ಟದ ಅನುಭವ ಇಲ್ಲಿ ದಾರಿ ತಪ್ಪಿಸುತ್ತದೆ. ಲೇಹ್‌ಗೆ ವರ್ಷಕ್ಕೆ ಸಿಗುವ ಮಳೆ ಸುಮಾರು 100 ಮಿಲಿಮೀಟರ್. ಆಗುಂಬೆಯಲ್ಲಿ ಜುಲೈನ ಒಂದು ಜೋರು ದಿನಕ್ಕೆ ಅಷ್ಟಾಗುತ್ತದೆ. "ಬರೀ ತುಂತುರು ತಾನೆ" ಅಂತ ಹೊರಡುವವರು ಇಷ್ಟು ಲೆಕ್ಕ ಹಾಕಲಿ: ಸಾವಿರ ಮೀಟರ್ ಏರಿದಂತೆ ಉಷ್ಣಾಂಶ ಆರೇಳು ಡಿಗ್ರಿ ಇಳಿಯುತ್ತದೆ. ಲೇಹ್‌ನಲ್ಲಿ 10 ಡಿಗ್ರಿಯ ತುಂತುರು ಇದ್ದರೆ ಪಾಸ್‌ನಲ್ಲಿ ಅದೇ ಹಿಮ. ಜುಲೈ, ಆಗಸ್ಟ್ ಅಂತ ವಿನಾಯಿತಿ ಏನೂ ಇಲ್ಲ. ಒಂದು ತಾಸಿನಲ್ಲಿ ಬಿಸಿಲು, ಗಾಳಿ, ಹಿಮ ಮೂರೂ ಬಂದುಹೋಗುತ್ತವೆ.

ಹೊರಡುವುದು ಬೆಳಗ್ಗೆ ಆರಕ್ಕೆ. ನಾಲ್ಕಕ್ಕೆ ಹೊರಡುವ ಅತ್ಯುತ್ಸಾಹ ಮೇ, ಜೂನ್‌ನಲ್ಲಂತೂ ಬೇಡ. ಹಿಂದಿನ ದಿನ ರಸ್ತೆಗೆ ಹರಿದ ಹಿಮದ ನೀರು ರಾತ್ರಿ ಗಾಜಿನಂತೆ ಗಟ್ಟಿಯಾಗಿರುತ್ತದೆ, ನೆರಳಿನ ತಿರುವುಗಳಲ್ಲಿ ನೋಡಲು ಒದ್ದೆ ಡಾಂಬರಿನ ಹಾಗೇ ಇರುತ್ತದೆ. ಅದರ ಮೇಲೆ ಬ್ರೇಕ್ ಮುಟ್ಟಿದಿರೋ, ಬಿದ್ದಿರಿ. ಆರಕ್ಕೆ ಹೊರಟು ದಾರಿಯಲ್ಲಿ ಸಿಗುವ ಕಾರು ಎಂಬ ಊರಿನಲ್ಲಿ ಪೆಟ್ರೋಲ್ ಫುಲ್ ಮಾಡಿಸಿಕೊಂಡರೆ ಪಾಸ್ ಮುಟ್ಟುವಾಗ ಎಂಟೂವರೆ, ಒಂಬತ್ತು. ಅಷ್ಟರಲ್ಲಿ ಬಿಸಿಲು ಬಿದ್ದಿರುತ್ತದೆ. ಚೀಲದಲ್ಲಿರುವ ಚಿಪ್ಸ್ ಪ್ಯಾಕೆಟ್ ಪೂರಿಯ ಹಾಗೆ ಉಬ್ಬಿರುತ್ತದೆ. ಅಲ್ಲಿಯ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ. ಎಂಜಿನ್ನಿಗೂ ಅದೇ ಗತಿ. ಪಿಕಪ್ ಇಲ್ಲ ಅಂತ ಅರ್ಧ ಕ್ಲಚ್ ಹಿಡಿದು ಆಕ್ಸಿಲರೇಟರ್ ತಿರುಚಿದರೆ ಕ್ಲಚ್ ಪ್ಲೇಟ್ ಸುಡುತ್ತದೆ. ಫಸ್ಟ್ ಗೇರ್, ಪೂರ್ತಿ ಬಿಟ್ಟ ಕ್ಲಚ್, ನಿಧಾನ. ಫೋಟೊ, ಚಹಾ ಎಲ್ಲ ಸೇರಿ ಕಾಲು ಗಂಟೆ, ಅಷ್ಟೇ.

ಮುಂದೆ ದುರ್ಬುಕ್, ಟಾಂಗ್ಸೆ. ಅದಾದ ಮೇಲೆ ಸರೋವರಕ್ಕೆ ಮುಂಚೆ ಸಿಗುವುದು ಪಾಗಲ್ ನಾಲಾ, ಹೆಸರಿಗೆ ತಕ್ಕ ಹುಚ್ಚು ಹಳ್ಳ. ಬೆಳಗ್ಗೆ ಪಾದ ಮುಳುಗುವಷ್ಟು ನೀರು. ಮಧ್ಯಾಹ್ನ ಬಿಸಿಲಿಗೆ ಮೇಲಿನ ಹಿಮ ಕರಗಿತೋ, ಕಲ್ಲುಗಳನ್ನು ಉರುಳಿಸಿಕೊಂಡು ಬರುತ್ತದೆ. ಆಕಾಶ ಶುಭ್ರವಾಗಿದ್ದ ದಿನವೇ ಸಂಜೆಯ ನೀರು ಹೆಚ್ಚು, ಇದು ಹಲವರಿಗೆ ತಲೆಗೇ ಹೋಗುವುದಿಲ್ಲ. ದಾಟುವಾಗ ಮುಂದೆ ಒಂದು ಗಾಡಿ ಹೋಗಲಿ, ಅದರ ಜಾಡು ನೋಡಿ. ಫಸ್ಟ್ ಗೇರ್‌ನಲ್ಲಿ ಒಂದೇ ಸಮನೆ ಹೋಗಿ, ನಡುನೀರಿನಲ್ಲಿ ಆಕ್ಸಿಲರೇಟರ್ ಬಿಡಬೇಡಿ. ದಾಟಿದ ಮೇಲೆ ಬ್ರೇಕ್ ಮೆಲ್ಲಗೆ ನಾಲ್ಕೈದು ಸಲ ಒತ್ತಿ ಒಣಗಿಸಿ.

ಸರೋವರ ಬಿಡುವುದು ಮಧ್ಯಾಹ್ನ ಒಂದಕ್ಕೆ. ಅಷ್ಟೊತ್ತಿಗೆ ತಲುಪಿಯೇ ಇಲ್ಲವೇ? ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿ. 134 ಕಿಲೋಮೀಟರ್ ಉದ್ದದ ನೀರು, ನಾಳೆಯೂ ಅಲ್ಲೇ ಇರುತ್ತದೆ. ಎರಡನೇ ಸಲ ಪಾಸ್ ದಾಟುವುದು ನಾಲ್ಕರೊಳಗೆ ಮುಗಿಯಬೇಕು. ಆಮೇಲೆ ಮೋಡ ಕವಿದು ಹಿಮ ಬಿತ್ತೆಂದರೆ ಟ್ರಕ್ಕುಗಳು ಸಾಲಾಗಿ ನಿಲ್ಲುತ್ತವೆ, ಬೈಕಿನವರಿಗೆ ನಿಲ್ಲಲು ಮರೆಯೂ ಇರುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಒಣ ಕಾಲುಚೀಲ, ಎರಡನೇ ಜೊತೆ ಗ್ಲೌಸ್, ಜಾಕೆಟ್ಟಿನ ಮೇಲೆ ಹಾಕುವ ರೇನ್‌ಕೋಟ್ ಈ ಹೊತ್ತಿಗೇ ಬೇಕಾಗುವುದು. ಪವರ್‌ಬ್ಯಾಂಕ್ ಚಳಿಗೆ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿರಲಿ. ಸಿಮ್ ಪೋಸ್ಟ್‌ಪೇಯ್ಡ್ ಇರಬೇಕು, ನಮ್ಮ ಊರಿನ ಪ್ರೀಪೇಯ್ಡ್ ಅಲ್ಲಿ ನಡೆಯುವುದಿಲ್ಲ.

ಪಾಸ್‌ನಿಂದ ಲೇಹ್ ಬದಿಯ ಸಕ್ತಿ ಹಳ್ಳಿಯ ಕಡೆ ಇಳಿಯುವಾಗ ದಣಿದ ಕೈ ಬ್ರೇಕ್ ಮೇಲೇ ಕೂತಿರುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಿರಿ. ಬ್ರೇಕ್ ಲಿವರ್ ಮೆತ್ತಗಾಗಿ ಒಳಕ್ಕೆ ಹೋಗುತ್ತಿದೆ ಅನ್ನಿಸಿದರೆ ಬದಿಗೆ ನಿಲ್ಲಿಸಿ ಹದಿನೈದು ನಿಮಿಷ ಬಿಡಿ. ಕಾದ ಡಿಸ್ಕಿಗೆ ನೀರು ಮಾತ್ರ ಸುರಿಯಬೇಡಿ, ಡೊಂಕಾಗುತ್ತದೆ.